ನಾನು ವಾಪಸ್ ಕಳಿಸಿದ ಚೀಸ್

ಇದನ್ನು ಹೇಳುವುದನ್ನು ಮೂರು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ನನ್ನ ಮೂಗು ಸತ್ತಿತ್ತು. ಆದರೂ ಒಬ್ಬ ಗೆಳೆಯ ಮಾಡಿದ ಚೀಸನ್ನು ಮೂಸಿ, ಕೆಟ್ಟಿದೆ ಎಂದೆ. ತಪ್ಪಿ ಹೇಳಿದ್ದಲ್ಲ — ಸೇಡಿಗೆ ಹೇಳಿದ್ದು.

ಶಿವಮೊಗ್ಗದ ಒಂದು ಖಾಸಗಿ ಡೇರಿಯಲ್ಲಿ ನನ್ನ ಕೆಲಸವೇ ಮೂಸುವುದಾಗಿತ್ತು. ಹಾಲಿನ ಕ್ಯಾನಿನ ಮುಚ್ಚಳ ತೆಗೆದು, ಒಮ್ಮೆ ಉಸಿರೆಳೆದು, ‘ಪಾಸ್’ ಅಥವಾ ‘ವಾಪಸ್’ ಎನ್ನಬೇಕಿತ್ತು. ನನ್ನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಭದ್ರಾವತಿಯಿಂದ ಬರುತ್ತಿದ್ದ ಆ ಗೆಳೆಯ ಅಲ್ಲೇ ಲ್ಯಾಬಿನಲ್ಲಿದ್ದ. ನನ್ನ ಬೀಳ್ಕೊಡುಗೆಯ ದಿನ ಮೈಕ್ ಹಿಡಿದು ಅವನು ಹೇಳಿದ್ದು ಇದು: “ಇವ್ನಿಗೆ ದೇವ್ರು ತಲೆ ಇಡೋದು ಮರ್ತು ಮೂಗು ಇಟ್ಟ ಕಣ್ರೋ. ಇಷ್ಟು ವರ್ಷ ಡೇರಿ ಸಾಕಿದ್ದು ಆ ಮೂಗನ್ನ!” ಎಲ್ಲರೂ ನಕ್ಕರು. ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನ ಹೆಂಡತಿಯೂ ನಕ್ಕಳು. ಕೊರಳಲ್ಲಿ ಹಾರವಿತ್ತಲ್ಲ — ನಾನೂ ನಕ್ಕೆ. ಆದರೆ ಮರೆಯಲಿಲ್ಲ.

ಅವನೂ ಸೇರಿ ನಿವೃತ್ತರಾದ ನಾವು ನಾಲ್ವರು ಭಾನುವಾರ ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ ಸೇರುತ್ತಿದ್ದೆವು. ಚೀಸ್ ಎಂದರೆ ಬ್ರೆಡ್ಡಿನ ನಡುವಿನ ಹಳದಿ ಹಾಳೆ ಎಂದುಕೊಂಡಿದ್ದವರು ನಾವು. ಹತ್ತಿರದ ಹೊಸ ಅಂಗಡಿಯಿಂದ ಒಂದೊಂದು ವಾರ ಒಂದೊಂದು ಬಗೆ ತರಿಸಿದೆವು. ಹಳೆಯ ಗೌಡಾ ಎಂಬ ಚೀಸಿನಲ್ಲಿ ಜೋನಿಬೆಲ್ಲದ ನೆನಪು, ಫೆಟಾ ಎಂಬುದರಲ್ಲಿ ಉಪ್ಪುನೀರು; ನೀಲಿ ಬೂಷ್ಟಿನದ್ದನ್ನು ಮೊದಲು ಉಗುಳಿ ಆಮೇಲೆ ಕಿತ್ತಾಡಿ ತಿಂದೆವು. ಮೊದಲ ತುಣುಕು ಯಾವಾಗಲೂ ನನ್ನ ಮೂಗಿಗೆ.

ಕೊರೊನಾ ಜ್ವರ ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಒಯ್ದಿತು. ಅದು ಹೆಂಡತಿಯೊಬ್ಬಳಿಗೇ ಗೊತ್ತು. ಉಳಿದವರ ಮುಖ ನೋಡಿಕೊಂಡು ತೀರ್ಪು ಹೇಳುವುದನ್ನು ಕಲಿತೆ.

ಅಷ್ಟರಲ್ಲಿ ಅವನು ಮನೆಯಲ್ಲೇ ಚೀಸ್ ಮಾಡತೊಡಗಿದ್ದ. ಎರಡು ತಿಂಗಳು, ದಿನ ಬಿಟ್ಟು ದಿನ ಉಪ್ಪುನೀರಿನಲ್ಲಿ ಒರೆಸಿ, ಮಾಗಿಸಿ ಹಣ್ಣು ಮಾಡಿದ್ದನ್ನು ಒಂದು ಭಾನುವಾರ ಬಾಳೆಲೆಯಲ್ಲಿ ಸುತ್ತಿ ತಂದ. “ಸೋಗಾನೆ ಹತ್ರ ಹೊಸ ಹೋಟೆಲ್‌ನೋರು ಕೇಳಿದಾರೆ. ನೀನು ಪಾಸ್ ಅಂದ್ರೆ ನಾಳೆನೇ ಕೊಡ್ತೀನಿ, ಮಾರಾಯ.”

ಎಲೆ ಬಿಚ್ಚಿದ. ಉಳಿದಿಬ್ಬರು ಮೂಗು ಮುಚ್ಚಿಕೊಂಡರು. “ಎಂಥದೋ ಇದು, ಒದ್ದೆ ಸಾಕ್ಸ್ ಇದ್ದಂಗಿದೆ!” ಆ ಜಾತಿಯ ಚೀಸ್ ನಾರುವುದೇ ಹಾಗೆ, ನಾರಿದರೇ ಹಣ್ಣಾಗಿದೆ ಎಂದು ಅರ್ಥ — ಅದು ನನಗೆ ಗೊತ್ತಿತ್ತು. ಅವನು ನನ್ನನ್ನೇ ನೋಡುತ್ತಿದ್ದ, ಫಲಿತಾಂಶಕ್ಕೆ ನಿಂತ ಹುಡುಗನ ಹಾಗೆ. ನಾನು ಬೇಕೆಂದೇ ತಡಮಾಡಿದೆ. ಬಗ್ಗಿದೆ. ಏನೂ ಬರಲಿಲ್ಲ — ಗಾಳಿ, ಬರೀ ಗಾಳಿ. ಬೀಳ್ಕೊಡುಗೆಯ ದಿನದ ಆ ಮೈಕು ನೆನಪಾಯಿತು.

“ವಾಪಸ್,” ಎಂದೆ.

ಅವನ ಮುಖ ಇಳಿದದ್ದನ್ನು ನೋಡಿ ನನಗಾದ ಸುಖ — ಜ್ವರದ ನಂತರ ನನಗೆ ಸಿಕ್ಕ ರುಚಿ ಅದೊಂದೇ.

ಅವನು ವಾದಿಸಲಿಲ್ಲ. ಮುಂದಿನ ವಾರ ಬಂದವನು ಹೇಳಿದ: “ಎಲ್ಲಾನೂ ತೆಂಗಿನ ಬುಡಕ್ಕೆ ಹಾಕಿಬಿಟ್ಟೆ. ನೀನು ಹೇಳ್ದೆ ಇದ್ದಿದ್ರೆ ಜನಕ್ಕೆ ತಿನ್ನಿಸಿಬಿಡ್ತಿದ್ದೆ ಮಾರಾಯ.” ಕೃತಜ್ಞತೆಯಿಂದ ನನ್ನ ಕೈ ಹಿಡಿದುಕೊಂಡ. ಮತ್ತೆ ಅವನು ಚೀಸ್ ಮಾಡಲಿಲ್ಲ.

ತಟ್ಟೆಯಲ್ಲಿ ಉಳಿದಿದ್ದ ತುಣುಕನ್ನು, ನಾನು ವಾಪಸ್ ಎಂದ ದಿನವೇ, ಹೆಂಡತಿ ಬಾಯಿಗೆ ಹಾಕಿಕೊಂಡಿದ್ದಳು. “ಎಷ್ಟು ಚೆನ್ನಾಗಿದೆ ರೀ! ವಾಸನೆ ಒಂದು ಜೋರು, ಅಷ್ಟೆ...” ಎಂದವಳು ನನ್ನ ಮೂಗನ್ನೇ ನೋಡಿದಳು. ಆಮೇಲೆ, ಮೆಲ್ಲಗೆ: “ಕೆಟ್ಟಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅವನು ಈಗಲೂ ಬರುತ್ತಾನೆ. ಮೊನ್ನೆ ತುಪ್ಪದ ಬಾಟಲಿ ತಂದು ಮುಚ್ಚಳ ತೆಗೆದು ನನ್ನ ಮುಖಕ್ಕೆ ಹಿಡಿದ. “ನೋಡು ಮಾರಾಯ, ಮೊಮ್ಮಗಳಿಗೆ ಹಾಕೋದು.” ಮೂಸಿದೆ. ಗಾಳಿ. “ಪಾಸ್,” ಎಂದೆ. ನಿಶ್ಚಿಂತೆಯಿಂದ ಮುಚ್ಚಳ ಹಾಕಿಕೊಂಡು ಭದ್ರಾವತಿಯ ಬಸ್ಸು ಹತ್ತಿದ.

ಅವತ್ತು ನಾನು ವಾಪಸ್ ಕಳಿಸಿದ್ದು ಚೀಸನ್ನಲ್ಲ, ನನ್ನನ್ನು ನಂಬಿದ ಒಬ್ಬ ಮನುಷ್ಯನನ್ನು. ಅವನ ಕ್ಷಮೆಯನ್ನು ನಾನು ಇಂದಿಗೂ ಕೇಳಿಲ್ಲ. ಅವನ ಹೆಸರು ಮಹಾದೇವಪ್ಪ.