ನಾನು ಸಹಿ ಮಾಡಿದ ನಕ್ಷೆ

ನಮ್ಮೂರನ್ನು ನಾನು ಮೊದಲ ಸಲ ಆಕಾಶದಿಂದ ನೋಡಿದ್ದು ಅರಸೀಕೆರೆಯ ಒಂದು ಸಣ್ಣ ಕೋಣೆಯಲ್ಲಿ, ಕಂಪ್ಯೂಟರ್ ಮುಂದೆ ಕೂತು. ಕೆರೆಗಳ ನಕ್ಷೆ ಮಾಡಿಕೊಡುವ ಖಾಸಗಿ ಸಂಸ್ಥೆಯೊಂದರಲ್ಲಿ ಆಗ ನಾನು ಗುತ್ತಿಗೆ ಮೇಲೆ ಕೆಲಸಕ್ಕಿದ್ದೆ. ಉಪಗ್ರಹ ತೆಗೆದ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು, ಕೆರೆ ಎಲ್ಲೆಲ್ಲಿ ಒತ್ತುವರಿಯಾಗಿದೆ ಎಂದು ಕೆಂಪು ಗೆರೆ ಎಳೆಯುವುದು ನನ್ನ ಕೆಲಸ. ಆ ನಕ್ಷೆ ಹಿಡಿದು ಸರ್ಕಾರದವರು ಜಾಗ ತೆರವು ಮಾಡಿ ಹೂಳೆತ್ತಿಸುತ್ತಿದ್ದರು. ಮೇಲಿನಿಂದ ತೆಗೆದ ಚಿತ್ರಕ್ಕೆ ಯಾರ ಮುಲಾಜೂ ಇಲ್ಲ ಎಂದು ನಂಬಿದ್ದೆ. ಕೇಳಿದವರಿಗೆಲ್ಲ ಹಾಗೆಯೇ ಹೇಳುತ್ತಲೂ ಇದ್ದೆ.

ಗಂಡಸಿ ಕಡೆಯ ನಮ್ಮೂರ ಕೆರೆಯ ಸರದಿ ಬಂದಾಗ ಹಳೆಯ ಚಿತ್ರದಲ್ಲಿ ನೀರಿದ್ದ ಕಡೆ ಹೊಸ ಚಿತ್ರದಲ್ಲಿ ತೆಂಗಿನ ತಲೆಗಳು ಕಂಡವು. ಅವು ನಮ್ಮವೇ. ತೋಟದ ಕೊನೆಯ ಮೂರು ಸಾಲು. ಆ ಸಸಿಗಳನ್ನು ಅಪ್ಪ ನೆಟ್ಟಾಗ ನಾನು ಆರನೇ ಕ್ಲಾಸು; ಕೊಡದಲ್ಲಿ ನೀರು ಹೊತ್ತು ಸೊಂಟ ನೋಯಿಸಿಕೊಂಡವಳು. ಅದು ಕೆರೆಯಂಗಳ ಎಂದು ನಮ್ಮ ಮನೆಯಲ್ಲಿ ಯಾರೂ ಒಮ್ಮೆಯೂ ಆಡಿರಲಿಲ್ಲ. ಎದುರು ದಡದಲ್ಲಿ ಇನ್ನೊಂದು ತುಂಡು ಕಂಡಿತು, ಒಂದು ಅಂಗಳದಷ್ಟು ಅಗಲ. ಅದು ಸೊಪ್ಪಿನಜ್ಜಿಯದು. ಗಂಡ ತೀರಿಕೊಂಡ ಮೇಲೆ ಅಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು, ಬುಟ್ಟಿ ಹೊತ್ತು ಊರೆಲ್ಲ ಮಾರಿ ಬದುಕುತ್ತಿದ್ದಳು.

ಎರಡಕ್ಕೂ ಗೆರೆ ಎಳೆದೆ. ಸ್ಥಳದಲ್ಲೇ ತಾಳೆ ನೋಡಲು ಜಿಪಿಎಸ್ ಹಿಡಿದು ದಡದ ಸುತ್ತ ನಡೆದಾಗ ಅಜ್ಜಿ ಕಳೆ ಕೀಳುತ್ತಿದ್ದಳು.

"ಅದೇನವ್ವ ಕೈಯಾಗೆ?"

ಹೇಳಿದೆ. ಅವಳು ಕುಡುಗೋಲು ಕೆಳಗಿಟ್ಟು, "ಅಂಗಾರೆ ನಂದು ಹೋಯ್ತದೆ ಅನ್ನು," ಎಂದಳು.

"ಎಲ್ಲರಿಗೂ ಒಂದೇ ಗೆರೆ ಅಜ್ಜಿ. ನಮ್ಮ ತೋಟದ್ದೂ ಮೂರು ಸಾಲು ಹೋಗ್ತದೆ."

"ನಿಮ್ದೂನಾ?" ಅವಳು ಎದುರು ದಡದ ನಮ್ಮ ಮರಗಳ ಕಡೆ ನೋಡಿದಳು. "ಅಂಗಾದ್ರೆ ಸರಿ ಬಿಡು. ಕೆರೆ ತುಂಬಿದ್ರೆ ದನಕರುಗಾದ್ರೂ ನೀರಾಯ್ತದೆ."

ಮುಂದಿನ ವಾರ, ಸುದ್ದಿ ತಿಳಿದು, ಊರಲ್ಲಿ ತೋಟ ನೋಡಿಕೊಳ್ಳುತ್ತಿದ್ದ ಅಣ್ಣ ಅರಸೀಕೆರೆಯ ನನ್ನ ಮನೆಗೆ ಬಂದ.

"ಅಪ್ಪ ನೆಟ್ಟ ಮರ ಕಣೇ ಅವು."

"ಕೆರೆ ಒಳಗೆ ನೆಟ್ಟಿದ್ದಾರಲ್ಲ ಅಣ್ಣ."

"ಊರಾಗೆ ಯಾರಿಗೂ ಕಾಣದೇ ಇದ್ದದ್ದು ನಿನಗೊಬ್ಬಳಿಗೆ ಕಾಣ್ತಾ?"

ಕಾಫಿ ಮುಟ್ಟದೆ ಎದ್ದುಹೋದ. ಆಮೇಲೆ ಯಾರ ಮನೆಗೆ ಹೋದನೋ, ಯಾರಿಂದ ಹೇಳಿಸಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಂತಿಮ ನಕ್ಷೆ ನನ್ನ ಮೇಜಿಗೆ ಬಂದಾಗ ಕೆಂಪು ಗೆರೆ ನಮ್ಮ ತೋಟದ ಹತ್ತಿರ ಬಾಗಿ, ಮೂರೂ ಸಾಲುಗಳನ್ನು ಹೊರಗೆ ಬಿಟ್ಟು ಹೋಗಿತ್ತು. ಅಜ್ಜಿಯ ತುಂಡಿನ ಮೇಲೆ ಮಾತ್ರ ನೆಟ್ಟಗೆ ಹಾದಿತ್ತು.

"ಅಲ್ಲಿ ನೆರಳು ಬಿದ್ದಿದೆ ಕಣಮ್ಮ, ಗಡಿ ಸರಿಯಾಗಿ ಕಾಣಲ್ಲ," ಎಂದರು ಸಂಸ್ಥೆಯ ಮುಖ್ಯಸ್ಥರು. "ಅನುಮಾನ ಇರೋ ಕಡೆ ಬಿಟ್ಟಿದೀವಿ."

ಯಾವ ನೆರಳೂ ಇರಲಿಲ್ಲ. 'ತಯಾರಿಸಿದವರು' ಎಂಬಲ್ಲಿ ಸಹಿ ಮಾಡಿದೆ. ಕೆಲಸ ಹೋದೀತೆಂಬ ಭಯವಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಅಪ್ಪನ ಮರಗಳು ಉಳಿದವಲ್ಲ ಎಂಬ ಸಮಾಧಾನವೂ ಒಳಗೆಲ್ಲೋ ಇತ್ತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಜೆಸಿಬಿ ಬಂದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಅಜ್ಜಿ ಯಾರೂ ಹೇಳದೆಯೇ ಸೊಪ್ಪನ್ನೆಲ್ಲ ಕಿತ್ತು, ಕಟ್ಟು ಕಟ್ಟಿ ದಡದಲ್ಲಿ ಜೋಡಿಸಿಟ್ಟಿದ್ದಳು. ಅವಳ ಜಾಗ ಕಾಲು ಗಂಟೆಯಲ್ಲಿ ಮುಗಿಯಿತು. ಗಾಡಿ ಇನ್ನು ನಮ್ಮ ತೋಟದ ಕಡೆ ಹೋಗುತ್ತದೆ ಎಂದು ಅವಳು ಕಾಯುತ್ತ ನಿಂತಳು. ಅದು ಏರಿ ಹತ್ತಿ ರಸ್ತೆಗೆ ತಿರುಗಿತು. ಅಜ್ಜಿ ನನ್ನನ್ನು ನೋಡಿದಳು. ನಾನು ಕೈಯಲ್ಲಿದ್ದ ಕಾಗದ ನೋಡಿದೆ. ಸಂಜೆ ಅಣ್ಣ ಫೋನು ಮಾಡಿ, "ಕೊನೆಗೂ ಮನೆ ಮಗಳು ಅನ್ನಿಸ್ಕೊಂಡೆ ಕಣೇ," ಎಂದ. ಗೆರೆ ಬಾಗಿಸಿದ್ದು ನಾನಲ್ಲ ಎನ್ನದೆ ಫೋನು ಇಟ್ಟೆ.

ಆ ಮಳೆಗಾಲ ಕೆರೆ ಕೋಡಿ ಬಿತ್ತು. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂತು. ಅದು ಸುಳ್ಳಲ್ಲ, ಅದರಿಂದ ಊರಿಗೆ ಒಳ್ಳೆಯದೇ ಆಯಿತು. ಮಾರನೇ ವರ್ಷ ಬೇಲೂರಿನಲ್ಲಿ ಸಭೆ ನಡೆಯಿತು. ಉಪಗ್ರಹದ ಚಿತ್ರ ಬಳಸಿ ನೀರು ಉಳಿಸುವುದನ್ನು ಕಲಿಯಲು ನಾಲ್ಕಾರು ದೇಶಗಳವರು ಬಂದಿದ್ದರು. ಬೆಳಿಗ್ಗೆ ಹಳೇಬೀಡಿನ ದೇವಸ್ಥಾನ ತೋರಿಸಿ, ಮಧ್ಯಾಹ್ನ ಪರದೆಯ ಮೇಲೆ ನಮ್ಮೂರ ಕೆರೆ ತೋರಿಸಿದರು: ಮೊದಲು ಕಂದು, ಆಮೇಲೆ ನೀಲಿ. ಚಪ್ಪಾಳೆ ಬಿತ್ತು. ಆಫ್ರಿಕಾದ ಯಾವುದೋ ದೇಶದ ಹೆಂಗಸೊಬ್ಬಳು ಎದ್ದು, ಮೊದಲು ಆ ದಡದಲ್ಲಿ ಬೇಸಾಯ ಮಾಡುತ್ತಿದ್ದವರು ಈಗೆಲ್ಲಿದ್ದಾರೆ ಎಂದು ಕೇಳಿದಳು.

"ಎಲ್ಲರೂ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟರು," ಎಂದರು ನಮ್ಮ ಮುಖ್ಯಸ್ಥರು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಏಳಲಿಲ್ಲ.

ಸಭೆ ಮುಗಿದ ಮೇಲೆ ಎಲ್ಲರ ಜೊತೆ ವಾಪಸಾಗದೆ ಹಗರೆಯ ಬಸ್ಸು ಹತ್ತಿದೆ. ಜಾಗ ಹೋದ ಮೇಲೆ ಅಜ್ಜಿ ಅಲ್ಲಿ ಮಗಳ ಮನೆ ಸೇರಿದ್ದಳು. ಹಿತ್ತಲಲ್ಲಿ ಸಗಣಿ ಬಾಚುತ್ತಿದ್ದಳು.

"ನಾನು ಎಳೆದ ಗೆರೆ ಅದಲ್ಲ ಅಜ್ಜಿ. ಆದರೆ ಸಹಿ ನಂದೇ," ಎಂದೆ.

"ಕೆರೆ ತುಂಬೈತಾ?"

"ತುಂಬಿದೆ."

"ನಿಮ್ ತೋಟಕ್ಕೂ ನೀರಾಯ್ತು." ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಇಷ್ಟು ದೂರ ಬಂದವಳ್ನ ಒಳೀಕೆ ಬಾ ಅನ್ಬೇಕು ನಾನು. ಅನ್ನಾಕೆ ಮನಸು ಬರ್ತಿಲ್ಲ ಕಣವ್ವ. ಹೋಗು, ಬಸ್ಸು ತಪ್ಪೋಯ್ತದೆ."

ನಾನೆಳೆದ ಮೂಲ ನಕ್ಷೆಯನ್ನು ಒಂದು ಪತ್ರದ ಜೊತೆ, ಕೆರೆ ತೆರವು ಮಾಡಿಸಿದ ಸರ್ಕಾರಿ ಕಚೇರಿಗೆ ಕಳಿಸಿದೆ. ತಲುಪಿದೆ ಎಂಬ ಉತ್ತರ ಬಂತು, ಅಷ್ಟೇ. ನಮ್ಮ ಮರಗಳು ಅಲ್ಲೇ ಇವೆ, ಕೆರೆಯ ನೀರಿಗೆ ಸೊಗಸಾಗಿ ಫಸಲು ಬಿಡುತ್ತಿವೆಯಂತೆ. ಸಂಸ್ಥೆ ನನ್ನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಪತ್ರದ ಸುದ್ದಿ ಅಣ್ಣನಿಗೂ ತಲುಪಿತ್ತು. ಮಗಳ ಮದುವೆಗೆ ಊರಿಗೆಲ್ಲ ಹೇಳಿದವನು ನನಗೆ ಹೇಳಲಿಲ್ಲ.