ಕಾಣುವ ಕಡೆಯಿಂದ
ಕುದುರೆಗೆ ಲಾಳ ಹೊಡೆಯುವ ಈ ಮನುಷ್ಯ ಬೀದಿಗೆಲ್ಲ ಲಾಳದ ಮಾವ. ಕಾಲು ಹಿಡಿಯುವ ಮೊದಲು ಕಿವಿ ನೋಡುತ್ತಾನೆ. ಕಿವಿ ಹಿಂದಕ್ಕೆ ಮಲಗಿದ್ದರೆ ಸುತ್ತಿಗೆ ಕೆಳಗಿಟ್ಟು ಸುಮ್ಮನೆ ನಿಲ್ಲುತ್ತಾನೆ. ‘ಈ ಹಾಳಾದ್ದಕ್ಕೆ ಮೂಗಿನ ತುದೀಲೇ ಕೋಪ’ ಎಂದು ಯಜಮಾನ ಗೊಣಗಿದರೆ, ‘ಕೋಪ ಅಲ್ಲ ಸ್ವಾಮಿ, ಹೆದರಿಕೆ. ಕಾಣದ ಕಡೆಯಿಂದ ಹೋದ್ರೆ ಒದೀದೆ ಮುತ್ತು ಕೊಡುತ್ತಾ?’ ಎನ್ನುತ್ತಾನೆ. ತಾನಂತೂ ಕೆಮ್ಮಿ, ಮಾತಾಡಿಸಿ, ಕತ್ತು ಸವರಿಯೇ ಕಾಲೆತ್ತುವುದು. ಇಂಥ ತಾಳ್ಮೆಯ ಮನುಷ್ಯ ಈಚೀಚೆಗೆ ಮನೆಯಲ್ಲಿ ಎಡಗಡೆಯಿಂದ ಯಾರಾದರೂ ಮುಟ್ಟಿದರೆ ಸಿಡಿದು ಬೀಳುತ್ತಾನೆ. ‘ಅಪ್ಪನಿಗೂ ಒಂದು ಲಾಳ ಹೊಡೀಬೇಕು’ ಎಂದು ಮಗಳು ನಗುತ್ತಾಳೆ. ಹೆಂಡತಿ ನಗುವುದಿಲ್ಲ. ಎಡಗಣ್ಣು ಮಂಜಾದದ್ದು ತಿಳಿದರೆ ಯಾರೂ ಕುದುರೆ ತರುವುದಿಲ್ಲವೆಂದು ಅವನು ಬಾಯಿ ಬಿಟ್ಟಿಲ್ಲ, ಅವಳೂ ಕೇಳಿಲ್ಲ. ಕಾಫಿ ಲೋಟ ಹಿಡಿದು, ಬಲಗಡೆಗೆ ಸುತ್ತಿ ಬಂದು, ಒಮ್ಮೆ ಕೆಮ್ಮಿ, ಆಮೇಲೆ ಅವನ ಭುಜ ಮುಟ್ಟುತ್ತಾಳೆ.