ಐರಣಿಯಿಂದ ಹೊರಟ ಹುಡುಗಿ

ಗಣಿತ ಮಾಸ್ತರಿಕೆಯಿಂದಲೇ ಹೊಟ್ಟೆ ಹೊರೆದವನು ಹೇಳಬಾರದ ಮಾತೊಂದನ್ನು ನಿಮ್ಮ ಕಿವಿಯಲ್ಲಷ್ಟೇ ಹೇಳುತ್ತೇನೆ: ಲೆಕ್ಕದ ಪುಸ್ತಕದೊಳಗಿನ ಜನರನ್ನು ಕಂಡರೆ ನನಗೆ ಭಯ. ಬರೀ ಕೂಡು, ಕಳೆ ಎನ್ನುವ ಲೆಕ್ಕಗಳ ಮಾತಲ್ಲ. ಕಥೆಯ ರೂಪದಲ್ಲಿ ಬರುತ್ತವಲ್ಲ, ಮಾತಿನ ಲೆಕ್ಕಗಳು, ಅವುಗಳ ಮಾತು. ಅಲ್ಲಿನ ಜನರಿಗೆ ಹೆಸರಿದೆ, ತಂದೆತಾಯಿ ಇಲ್ಲ. ಒಬ್ಬ ಅರವತ್ತು ಬಾಳೆಹಣ್ಣು ಕೊಳ್ಳುತ್ತಾನೆ, ಏಕೆಂದು ಯಾರೂ ಕೇಳುವುದಿಲ್ಲ. ಒಂದು ತೊಟ್ಟಿಗೆ ಒಂದು ನಳದಿಂದ ನೀರು ಬಿಟ್ಟು ಇನ್ನೊಂದು ನಳದಿಂದ ಹೊರಹಾಕುತ್ತಿರುತ್ತಾರೆ. ಅಂಥ ಮನೆಯವರ ತಲೆ ಸರಿಯಿದೆಯೇ ಎಂಬ ಸಂಶಯ ಯಾವ ಪುಸ್ತಕದವರಿಗೂ ಬಂದಂತಿಲ್ಲ. ಎರಡು ರೈಲುಗಳು ಎದುರುಬದುರು ಹೊರಡುತ್ತವೆ, ಎಲ್ಲಿ ಕೂಡುತ್ತವೆ ಎಂದು ನಾವು ಸಮಾಧಾನದಿಂದ ಕೇಳುತ್ತೇವೆ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಸ್ವಲ್ಪ ರಸಿಕರು. ಲೆಕ್ಕದೊಳಗೆ ದುಂಬಿ, ತಾವರೆ, ಹಂಸಗಳನ್ನು ಬಿಡುತ್ತಿದ್ದರಂತೆ. ಆದರೆ ಅವರ ಹಂಸಗಳ ಹಿಂಡಿನಲ್ಲೂ ಇಷ್ಟು ಭಾಗ ಕೆರೆಗೆ, ಇಷ್ಟು ಭಾಗ ಕಾಡಿಗೆ ಎಂದು ಹಂಚಿದ ಮೇಲೆ ಒಂದೆರಡು ಎಲ್ಲಿಗೂ ಸೇರದೆ ಉಳಿಯುತ್ತವೆ. ಉತ್ತರ ಸಿಗುವುದು ಅವುಗಳಿಂದಲೇ. ಉಳಿದ ಹಂಸಗಳು ಸಂಜೆ ಎಲ್ಲಿಗೆ ಹೋದವು ಎಂಬುದು ಗಣಿತದ ಪ್ರಶ್ನೆಯಲ್ಲ ಎಂದು ನಾನೇ ಎಷ್ಟೋ ಮಕ್ಕಳಿಗೆ ಗದರಿದ್ದೇನೆ.

ಈ ಭಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಬ್ಯಾಡಗಿಯ ಶಾಲೆಯೊಂದರಲ್ಲಿ ಹಿಡಿದದ್ದು. ನಾನಾಗ ಹಾವೇರಿಯಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿಬರುತ್ತಿದ್ದೆ. ಸರ್ಕಾರದ ಯಾವುದೋ ಯೋಜನೆಯಲ್ಲಿ ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಅದರ ಜೊತೆಗೊಂದು ಟೀವಿ, ನಾಲ್ಕು ಫ್ಲಾಪಿ. ಗಣಿತದವನೆಂಬ ಒಂದೇ ಅಪರಾಧಕ್ಕೆ ನನ್ನನ್ನು ಧಾರವಾಡಕ್ಕೆ ಹತ್ತು ದಿನದ ತರಬೇತಿಗೆ ಕಳಿಸಿದರು.

ಯಂತ್ರಕ್ಕೆ ಧೂಳು ಆಗದು ಎಂದು ಯಾರೋ ಹೇಳಿದ್ದರು. ಬ್ಯಾಡಗಿಯಲ್ಲಿ ಧೂಳೆಂದರೆ ಬರೀ ಧೂಳಲ್ಲ, ಮೆಣಸಿನಕಾಯಿಯ ಘಾಟು ಬೆರೆತ ಧೂಳು. ಸುಗ್ಗಿಯಲ್ಲಿ ಪ್ರಾರ್ಥನೆಯ ನಡುವೆ ಇಡೀ ಶಾಲೆ ಸೀನುತ್ತಿತ್ತು. ಹೆಡ್‌ಮಾಸ್ತರರು ಮೂಲೆಯ ಕೋಣೆಯ ಕಿಟಕಿಗಳಿಗೆ ಮೊಳೆ ಹೊಡೆಸಿ, ಕರಿ ಅರಿವೆ ಕಟ್ಟಿಸಿದರು. ಹಗಲಲ್ಲೂ ಕತ್ತಲು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮುಂಜಾನೆ ಅವರು ಯಂತ್ರಕ್ಕೆ ಕುಂಕುಮವಿಟ್ಟು, ಊದಿನಕಡ್ಡಿ ಬೆಳಗಿ, ಆಮೇಲೇ ಗುಂಡಿ ಒತ್ತಿಸುತ್ತಿದ್ದರು. ಸಂಜೆ ಗೋಡೆಯ ಮೇನ್ ಸ್ವಿಚ್ಚನ್ನೇ ಆರಿಸಿ ಬೀಗ ಹಾಕಿಸುತ್ತಿದ್ದರು. ಆ ಕತ್ತಲಲ್ಲಿ ಟೀವಿಯ ಬೆಳಕು ಮಕ್ಕಳ ಮುಖದ ಮೇಲೆ ಬಿದ್ದಾಗ ನನ್ನ ತರಗತಿಯ ಮಕ್ಕಳೇ ನನಗೆ ಗುರುತು ಹತ್ತುತ್ತಿರಲಿಲ್ಲ.

ಜೊತೆಗೆ ಬಂದ ಫ್ಲಾಪಿಗಳಲ್ಲಿ ಪೀಟರ್ ಎಂಬುವನು ಕೇಕನ್ನು ಎಂಟು ಭಾಗ ಮಾಡುತ್ತಿದ್ದ. ಏಳನೇ ಇಯತ್ತೆಯ ನಮ್ಮ ಮಕ್ಕಳಿಗೆ ಪೀಟರನೂ ಗೊತ್ತಿಲ್ಲ, ಕೇಕೂ ಗೊತ್ತಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಹತ್ತು ದಿನದ ವಿದ್ಯೆಯ ಬಲದಿಂದ, ನಾನೇ ಒಂದು ಪ್ರೋಗ್ರಾಂ ಬರೆಯುತ್ತೇನೆಂದು ಕುಳಿತೆ. ಕನ್ನಡ ಅಕ್ಷರ ಆ ಯಂತ್ರಕ್ಕೆ ಬಾರದು. ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಯಂತ್ರ ಒಂದು ಹೆಸರು ಆರಿಸುತ್ತದೆ, ಎರಡು ಊರು ಆರಿಸುತ್ತದೆ, ತನಗೆ ತೋಚಿದ ದೂರ, ತೋಚಿದ ವೇಗ ಇಟ್ಟು ಪ್ರಶ್ನೆ ಕೇಳುತ್ತದೆ. ಉತ್ತರ ಸರಿಯಾದರೆ ಮುಂದಿನ ಲೆಕ್ಕ. ತಪ್ಪಾದರೆ ‘ತಪ್ಪು, ಮತ್ತೆ ಯೋಚಿಸು’ ಎಂದು ಅದೇ ಲೆಕ್ಕವನ್ನು ಹಿಡಿದು ಕೂಡುತ್ತದೆ.

ಊರುಗಳ ಹೆಸರಿಗೆ ಬಸ್‌ಸ್ಟ್ಯಾಂಡಿನ ಹಲಗೆ ಇತ್ತು. ಜನರ ಹೆಸರು? ತರಗತಿಯಲ್ಲಿರುವ ಮಕ್ಕಳ ಹೆಸರು ಹಾಕಿದರೆ ಒಬ್ಬರನ್ನೊಬ್ಬರು ಕಾಡಿಸಿ ಜೀವ ತಿನ್ನುತ್ತಾರೆ. ನನಗೊಂದು ಜಾಣ ಉಪಾಯ ಹೊಳೆಯಿತು. ಕಪಾಟಿನಲ್ಲಿ ಹಳೆಯ ಹಾಜರಿ ಪುಸ್ತಕಗಳಿದ್ದವು. ಶಾಲೆ ಬಿಟ್ಟವರ ಹೆಸರಿನ ಮೇಲೆ ಕೆಂಪು ಮಸಿಯ ಗೆರೆ ಎಳೆಯುವುದು ನಮ್ಮಲ್ಲಿ ರೂಢಿ. ಅವರು ಹೇಗೂ ಇಲ್ಲಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ಕೆಂಪು ಗೆರೆಯ ಕೆಳಗಿನ ಹೆಸರುಗಳನ್ನೇ ಹುಡುಕಿ ಹುಡುಕಿ ನಲವತ್ತು ತೆಗೆದೆ. ಶಾಲೆ ಬಿಡುವುದಕ್ಕೆ ಎಷ್ಟು ಬಗೆಯ ಕಾರಣಗಳಿರಬಹುದು ಎಂದು ನಾನು ಯೋಚಿಸಲಿಲ್ಲ. ಆ ಶಾಲೆಗೆ ವರ್ಗವಾಗಿ ಬಂದು ನನಗಿನ್ನೂ ಎರಡೇ ವರ್ಷ.

ಪ್ರೋಗ್ರಾಂ ಓಡಿತು. ಮಕ್ಕಳು ಸರದಿಯಂತೆ ಹತ್ತತ್ತು ನಿಮಿಷ ಕೂತು ಲೆಕ್ಕ ಬಿಡಿಸಿದರು. ಹೆಡ್‌ಮಾಸ್ತರರು ನನ್ನ ಬೆನ್ನು ಚಪ್ಪರಿಸಿದರು. ಒಬ್ಬಳು ಮಾತ್ರ ನನಗೆ ತಲೆನೋವಾದಳು. ಅವಳು ಮುಮ್ತಾಜ್, ಮೆಣಸಿನಕಾಯಿ ಪೇಟೆಯಲ್ಲಿ ಹಮಾಲನಾಗಿದ್ದ ಬಾಬುಸಾಬನ ಮಗಳು. ದಿನಾ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು, ಮೊದಲ ಸರದಿ ಅವಳದೇ. ಹತ್ತು ನಿಮಿಷವೂ ಮೊದಲನೆಯ ಲೆಕ್ಕದಲ್ಲೇ ಕೂತು, ತಪ್ಪು ಉತ್ತರ ಒತ್ತಿ ಒತ್ತಿ, ಸರದಿ ಮುಗಿದೊಡನೆ ಹಿಂದೆ ನೋಡದೆ ಹೊರಗೆ ಓಡುತ್ತಿದ್ದಳು. ಉಳಿದ ಮಕ್ಕಳು ಮೊದಲ ಸರದಿಗೆ ಎಂದೂ ಜಗಳ ತೆಗೆಯಲಿಲ್ಲ. ಅವಳು ಕೂತಿರುವಷ್ಟು ಹೊತ್ತು ಕೋಣೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನನ್ನ ಶಿಸ್ತಿಗೆ ಹೆದರಿದ್ದಾರೆಂದು ನಾನು ಒಳಗೊಳಗೇ ಬೀಗಿದೆ.

ತಿಂಗಳ ಕೊನೆಗೆ ಯಂತ್ರದ ಅಂಕಗಳ ಪಟ್ಟಿಯಲ್ಲಿ ಮುಮ್ತಾಜಳಿಗೆ ಸೊನ್ನೆ. ಮರು ತಿಂಗಳೂ ಸೊನ್ನೆ. ಬಾಬುಸಾಬನನ್ನು ಕರೆಸಿದೆ. ಅವನು ಹೆಗಲ ಮೇಲಿನ ಚೀಲವನ್ನು ಬಾಗಿಲಲ್ಲೇ ಇಟ್ಟು ಒಳಗೆ ಬಂದ. ನಾನು ಮೂರು ಸಲ ಸೀನಿದ ಮೇಲೆ ಮಾತು ಶುರುವಾಯಿತು. ತಲೆಗೆ ಹತ್ತದ ವಿದ್ಯೆ ಯಾಕೆ, ಈ ತಿಂಗಳು ಮುಗಿಯಲಿ, ತಾಯಿಯ ಜೊತೆ ಪೇಟೆಯಲ್ಲಿ ಕಾಯಿಯ ತೊಟ್ಟು ಮುರಿಯಲು ಕೂಡಿಸುತ್ತೇನೆ ಎಂದ. ಹಾಜರಿ ಪುಸ್ತಕದಿಂದ ಹೆಸರು ಕಡಿಮೆ ಮಾಡಲು ಏನು ಬರೆದುಕೊಡಬೇಕೆಂದು ಕೇಳಿದ. ನಾನು ಬೇಡವೆನ್ನಲಿಲ್ಲ. ಇಂದಿಗೂ ನನ್ನ ಮೇಲೆ ನನಗೆ ಸಿಟ್ಟು ಬರುವುದು ಈ ಮಾತಿಗೆ. ಯಂತ್ರ ಸೊನ್ನೆ ಎಂದಿತು, ನಾನೂ ಸೊನ್ನೆ ಎಂದೆ.

ಅದಾದ ಮೂರನೆಯ ದಿನಕ್ಕೆ ಪ್ಯಾಸೆಂಜರ್ ಗಾಡಿ, ಏನು ತಿಳಿದಿತ್ತೋ, ಸರಿಯಾದ ಹೊತ್ತಿಗೆ ಬಂತು. ಶಾಲೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಪೂಜೆಗೂ ಕಾಯದೆ ನಾನೇ ಯಂತ್ರ ಹೊತ್ತಿಸಿ, ಸುಮ್ಮನೆ ಒಂದು ಲೆಕ್ಕ ಬಿಡಿಸಿದೆ. ಬೆನ್ನ ಹಿಂದೆ ಉಸಿರಾಡಿದ ಸದ್ದಾಯಿತು. ಮುಮ್ತಾಜ್ ಬರಿಗಾಲಲ್ಲಿ ಬಂದು ನಿಂತಿದ್ದಳು, ಟೀವಿಯನ್ನೇ ನೋಡುತ್ತಿದ್ದಳು. ಅದರ ಮೇಲೆ ಯಾರೋ ಬಸಪ್ಪ ರಾಣೆಬೆನ್ನೂರಿಗೆ ಸೈಕಲ್ ಹೊಡೆಯುತ್ತಿದ್ದ.

“ಸರ, ಆಪಾ ಎಲ್ಲಿ ಹೋದ್ಳ್ರಿ?” ಎಂದಳು.

ಅಕ್ಕನಿಗೆ ಅವರ ಮನೆಯಲ್ಲಿ ಆಪಾ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಯಾವ ಆಪಾ ಎಂದು ಕೇಳಿದೆ.

“ದಿನಾ ಮುಂಜಾನಿ ಐರಣಿಯಿಂದ ಹೊರಡ್ತಾಳಲ್ರಿ.”

ನಾನು ಈಗತಾನೇ ಬಿಡಿಸಿ ಕಳಿಸಿದ ಮೊದಲ ಲೆಕ್ಕ ನೆನಪಾಯಿತು. ‘ಜೈತುನಬಿ ಮುಂಜಾನೆ ಆರು ಗಂಟೆಗೆ ಐರಣಿಯಿಂದ ನಡೆದು ಹೊರಟಳು. ಕುಪ್ಪೇಲೂರು ಹನ್ನೆರಡು ಕಿಲೋಮೀಟರ್. ತಾಸಿಗೆ ನಾಲ್ಕು ಕಿಲೋಮೀಟರ್ ನಡೆದರೆ ಎಷ್ಟು ಗಂಟೆಗೆ ಮುಟ್ಟುತ್ತಾಳೆ?’ ಉಳಿದ ಮಾಸ್ತರರು ಬಂದ ಕೂಡಲೇ ಹೋಗಿ ವಿಚಾರಿಸಿದೆ.

ಕನ್ನಡ ಕಲಿಸುವ ಅಕ್ಕೋರು ಮುಂದಿನದನ್ನು ಹೇಳಿದರು. ಜೈತುನಬಿ ಮುಮ್ತಾಜಳ ಅಕ್ಕ, ಇದೇ ಶಾಲೆಯಲ್ಲಿ ಏಳನೆಯ ಇಯತ್ತೆಯಲ್ಲಿದ್ದಳು. ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ ಐರಣಿಗೆ ಅಜ್ಜಿಯ ಮನೆಗೆ ಹೋಗಿದ್ದಳು. ಕುಪ್ಪೇಲೂರಿನಲ್ಲಿ ಚಿಕ್ಕಮ್ಮ ಇದ್ದಳು. ಒಂದು ಮುಂಜಾನೆ ಅಲ್ಲಿಗೆಂದು ಹೊರಟವಳು ಮುಟ್ಟಲಿಲ್ಲ. ಹೊಳೆ ತುಂಬಿತ್ತು. ದಂಡೆಯಲ್ಲಿ ಒಂದು ಚಪ್ಪಲಿ ಸಿಕ್ಕಿತು, ಮುಂದೆ ಏನೂ ಸಿಗಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದವರು ಈ ಅಕ್ಕೋರೇ. ಇಡೀ ತರಗತಿಗೆ ಇದು ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಗಣಿತದವನಲ್ಲವೇ, ಅಂದು ಗಾಡಿಯಲ್ಲಿ ಕೂತು ಲೆಕ್ಕ ಹಾಕಿದೆ. ನಲವತ್ತು ಹೆಸರು, ಹನ್ನೆರಡು ಊರು. ಆ ಹುಡುಗಿ, ಆ ಊರಿನಿಂದ, ಆ ಊರಿಗೆ ಬೀಳುವ ಸಂಭವ ಐದು ಸಾವಿರದ ಇನ್ನೂರ ಎಂಬತ್ತಕ್ಕೆ ಒಂದು. ಬಸಪ್ಪನ ಸೈಕಲ್ಲಿನ ಸಂಭವವೂ ಅಷ್ಟೇ, ಅದರಲ್ಲಿ ವಿಶೇಷವಿಲ್ಲ ಎನ್ನುತ್ತದೆ ಗಣಿತ. ಆದರೆ ಆ ಕತ್ತಲ ಕೋಣೆಯಲ್ಲಿ ಕೂಡಬೇಕಾದವನು ನಾನು, ಗಣಿತ ಅಲ್ಲ. ದಿನಾ ಮೊದಲ ಲೆಕ್ಕದಲ್ಲಿ ಜೈತುನಬಿಯೇ ಬರುವುದಕ್ಕೂ ಕಾರಣ ಆಮೇಲೆ ತಿಳಿಯಿತು. ಮನಸ್ಸಿಗೆ ಬಂದದ್ದನ್ನು ಆರಿಸು ಎಂದು ಹೇಳಿದರೂ ಯಂತ್ರಕ್ಕೆ ಮನಸ್ಸೆಲ್ಲಿಯದು? ಒಳಗೆ ಅಂಕಿಗಳ ಒಂದು ಉದ್ದನೆಯ ಸಾಲಿದೆ, ಹೊಸದಾಗಿ ಹೊತ್ತಿಸಿದಾಗಲೆಲ್ಲ ಸಾಲಿನ ತಲೆಯಿಂದಲೇ ಶುರು. ಹೆಡ್‌ಮಾಸ್ತರರು ಸಂಜೆ ಅದನ್ನು ಪೂರ್ತಿ ಆರಿಸಿ ಮುಂಜಾನೆ ಪೂಜೆ ಮಾಡಿ ಹೊತ್ತಿಸುತ್ತಿದ್ದುದರಿಂದ ಯಂತ್ರಕ್ಕೆ ಪ್ರತಿದಿನವೂ ಅದೇ ದಿನ, ಅದೇ ಮೊದಲ ಲೆಕ್ಕ. ಆ ಸಾಲನ್ನು ಕಲೆಸುವ ವಿದ್ಯೆಯನ್ನು ತರಬೇತಿಯ ಒಂಬತ್ತನೆಯ ದಿನ ಕಲಿಸಿದರಂತೆ. ಅಂದು ನಾನು ಲೈನ್ ಬಜಾರಿಗೆ ಪೇಡೆ ತರಲು ಹೋಗಿದ್ದೆ.

ಮರುದಿನ ಮುಮ್ತಾಜಳನ್ನು ಕೂಡಿಸಿಕೊಂಡು, ಇಷ್ಟು ಸರಳ ಲೆಕ್ಕ ಬರುವುದಿಲ್ಲವೇ ಎಂದು ಕೇಳಿದೆ.

“ಒಂಬತ್ತು ಗಂಟೆ ಅಂತ ಮೊದಲನೇ ದಿನಾನ ಗೊತ್ತಾಗಿತ್ರಿ,” ಎಂದಳು. “ಒಂಬತ್ತು ಒತ್ತಿದ್ರ ಆಪಾ ಹೋಗಿಬಿಡ್ತಾಳ್ರಿ. ತಪ್ಪು ಒತ್ತಿದ್ರ ಇರ್ತಾಳ್ರಿ.”

ಎರಡು ತಿಂಗಳಿನಿಂದ ಈ ಹುಡುಗಿ ತನ್ನ ಅಕ್ಕನನ್ನು ದಿನಾ ಹತ್ತು ನಿಮಿಷ ಹಾದಿಯ ಮೇಲೆ ಹಿಡಿದು ನಿಲ್ಲಿಸಿದ್ದಳು. ಅದಕ್ಕೆ ಅವಳು ಕೊಟ್ಟದ್ದು ತನ್ನ ಅಂಕಗಳನ್ನು. ಇನ್ನು ಸ್ವಲ್ಪ ದಿನದಲ್ಲಿ ಶಾಲೆಯನ್ನೇ ಕೊಡುವವಳಿದ್ದಳು. ಪಟ್ಟಿಯಿಂದ ಆ ಹೆಸರನ್ನು ತೆಗೆದುಬಿಡುತ್ತೇನೆ ಎಂದೆ. ಅವಳು ಅಳಲಿಲ್ಲ, ತಲೆ ಮಾತ್ರ ಬಗ್ಗಿಸಿದಳು. ಆ ಹೆಸರಿನ ಮೇಲೆ ಎರಡನೆಯ ಸಲ ಕೆಂಪು ಗೆರೆ ಎಳೆಯಲು ನನ್ನ ಕೈಗೂ ಧೈರ್ಯವಿರಲಿಲ್ಲ. ಮನೆಗೆ ಹೇಳಿಕಳಿಸಿದೆ.

ಮುಂಜಾನೆ ತಾಯಿ ಬಂದಳು. ಬಾಬುಸಾಬ ಬರಲಿಲ್ಲ, ಅವನು ಆ ಹೆಸರು ಇರುವ ಕಡೆಗೆ ಹೋಗುವವನಲ್ಲ ಎಂದು ಅಕ್ಕೋರು ಹೇಳಿದರು. ತೊಟ್ಟು ಮುರಿದು ಮುರಿದು ಆಕೆಯ ಬೆರಳುಗಳು ಕೆಂಪಗಾಗಿದ್ದವು. ಖುರ್ಚಿ ಬೇಡವೆಂದು ಟೀವಿಯ ಮುಂದೆ ನೆಲಕ್ಕೆ ಕೂತಳು. ಊದಿನಕಡ್ಡಿಯ ಹೊಗೆ ಇನ್ನೂ ಕೋಣೆಯಲ್ಲಿತ್ತು. ಅಕ್ಷರಗಳು ಒಂದೊಂದಾಗಿ ಮೂಡಿದವು. ಮುಮ್ತಾಜ್ ಒಂದೊಂದು ಶಬ್ದವನ್ನೂ ಬೆರಳಿಟ್ಟು ಓದಿದಳು, ಆಮೇಲೆ ಅದನ್ನೇ ಉರ್ದುವಿನಲ್ಲಿ ಹೇಳಿದಳು. ನಾನು ಬಾಗಿಲಿಗೆ ಆನಿಕೊಂಡಿದ್ದೆ. ಏನು ಅಂದುಕೊಂಡಳೋ, ಈ ಮಾಸ್ತರ ತನ್ನ ಮಗಳನ್ನು ಡಬ್ಬಿಯೊಳಗೆ ಕೂಡಿಹಾಕಿದ್ದಾನೆ ಎಂದೇ ತಿಳಿದಳೋ ಎಂದು ಹೆದರಿದೆ. ಆಕೆ ಮಗಳಿಗೆ ಏನೋ ಕೇಳಿದಳು, ಮಗಳು ಹೌದೆಂದು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಈಕಿಗೆ ಗೊತ್ತೈತಂತ್ರಿ ಸರ, ಎಷ್ಟಕ್ಕ ಮುಟ್ಟತಾಳಂತ. ಮೂರು ವರ್ಷ ಆತು, ನಡದು ನಡದು ಆ ಕೂಸಿನ ಕಾಲು ಸೋತಿರ್ತಾವು. ಮುಟ್ಟಸಾಕ ಹೇಳ್ರಿ ಈಕಿಗೆ.”

ನಾನು ಹೇಳಬೇಕಾಗಲಿಲ್ಲ. ಮುಮ್ತಾಜ್ ಒಂಬತ್ತು ಒತ್ತಿದಳು. ಯಂತ್ರ ‘ಸರಿ’ ಎಂದಿತು. ಪರದೆ ಒಂದು ಕ್ಷಣ ಬರಿದಾಯಿತು, ಆಮೇಲೆ ಬಸಪ್ಪ ಸೈಕಲ್ ಹತ್ತಿದ. ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಮುಂದಿನ ಲೆಕ್ಕ ಮಾಡೆಂದು ಮಗಳ ತಲೆಯ ಮೇಲೆ ಕೈಯಾಡಿಸಿ ಪೇಟೆಗೆ ಹೋದಳು. ಅಂದು ಮುಮ್ತಾಜ್ ಏಳು ಲೆಕ್ಕ ಬಿಡಿಸಿದಳು, ಏಳೂ ಸರಿ. ಬಾಬುಸಾಬನ ಜೊತೆ ಮನೆಯಲ್ಲಿ ಏನು ಮಾತಾಯಿತೋ, ಹೆಸರು ಕಡಿಮೆ ಮಾಡಿಸಲು ಅವನು ಮತ್ತೆ ಬರಲಿಲ್ಲ.

ಆ ಸಾಲನ್ನು ಕಲೆಸುವ ವಿದ್ಯೆ ನನಗೆ ಗೊತ್ತಾದ ಮೇಲೂ ನಾನು ಅದನ್ನು ಪ್ರೋಗ್ರಾಮಿಗೆ ಸೇರಿಸಲಿಲ್ಲ. ಹಾಗಾಗಿ ಜೈತುನಬಿ ಮರುದಿನವೂ ಆರು ಗಂಟೆಗೆ ಐರಣಿಯಿಂದ ಹೊರಟಳು, ಅದರ ಮರುದಿನವೂ ಹೊರಟಳು. ಮುಮ್ತಾಜ್ ಬಂದು ನಿಂತುಕೊಂಡೇ ಒಂಬತ್ತು ಒತ್ತಿ, ಆಮೇಲೆ ಖುರ್ಚಿ ಎಳೆದುಕೊಂಡು ತನ್ನ ಲೆಕ್ಕಕ್ಕೆ ಕೂಡುತ್ತಿದ್ದಳು. ಏಳನೆಯ ಇಯತ್ತೆಯ ಪರೀಕ್ಷೆಯವರೆಗೂ ಹೀಗೇ ನಡೆಯಿತು; ಪರೀಕ್ಷೆಯಲ್ಲಿ ಪಾಸಾದಳು.

ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ, ದೇವರಲ್ಲಿಯೂ ಸಂಬಳದ ದಿನವಷ್ಟೇ. ಆದರೂ ಒಂದು ದಿನ ಮುಮ್ತಾಜಳಿಗೆ ಜ್ವರ ಬಂದು ಶಾಲೆ ತಪ್ಪಿತು. ನಾನು ಮೇಲಿನ ತರಗತಿಯಲ್ಲಿ ವೃತ್ತದ ಪಾಠ ನಡೆಸಿದ್ದೆ. ಮೂಲೆಯ ಕೋಣೆಯಲ್ಲಿ ಹೆಡ್‌ಮಾಸ್ತರರು ಯಂತ್ರ ಹೊತ್ತಿಸಿಟ್ಟು ಬಂದಿದ್ದಾರೆ, ಯಾರೂ ಕೂತಿಲ್ಲ, ಜೈತುನಬಿ ಇನ್ನೂ ಹಾದಿಯಲ್ಲೇ ಇದ್ದಾಳೆ ಎಂದು ನೆನಪಾಯಿತು. ಹೊತ್ತು ಹತ್ತಾಗುತ್ತ ಬಂದಿತ್ತು. ಸೀಮೆಸುಣ್ಣ ಅಲ್ಲೇ ಇಟ್ಟು, ಮಕ್ಕಳು ನೋಡುತ್ತಿರುವಂತೆಯೇ ಮೆಟ್ಟಿಲಿಳಿದು ಓಡಿದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಆ ಕತ್ತಲಿಗೆ ಹೋಗಿ ಒಂಬತ್ತು ಒತ್ತಿದೆ. ತಡವಾಯಿತು ತಾಯಿ ಎಂದು ಬಾಯಿಬಿಟ್ಟೇ ಹೇಳಿದೆ.